ಇಲಾರಿಯಾಳ ಗುಡಾಣ ಕುದಿಯಲಿಲ್ಲ

ಇಲಾರಿಯಾ ವೈಸಾಗಾಳನ್ನು ನಾನು ಮೊದಲು ನೋಡಿದಾಗ ಅವಳು ಒಂದು ಕೂದಲನ್ನು ನೋಡುತ್ತಿದ್ದಳು. ವೈರಾ ಲೋಮಾ ಎಂಬ ಊರಿನ ಶಾಲೆಗೆ ಮೇಷ್ಟ್ರಾಗಿ ಬಂದ ಮೊದಲ ಭಾನುವಾರ ಅದು. ಕ್ಲಿಸಾ ಪೇಟೆಯ ಸಂತೆಯಿಂದ ಲಾರಿಯ ಹಿಂಭಾಗದಲ್ಲಿ ನಿಂತು ಬಂದು ಬಾಯಿ ತುಂಬ ಧೂಳಾಗಿತ್ತು. ಒಂದು ಮನೆಯ ಬಾಗಿಲಲ್ಲಿ ಉದ್ದ ಕೋಲಿಗೆ ಬಿಳಿ ಬಟ್ಟೆ ಕಟ್ಟಿತ್ತು. ಬಿಳಿ ಬಟ್ಟೆ ಹಾರುತ್ತಿದ್ದರೆ ಆ ಮನೆಯಲ್ಲಿ ಚಿಚಾ ಸಿದ್ಧ ಎಂದು ಅರ್ಥ. ಮೊಳಕೆ ಬರಿಸಿದ ಮೆಕ್ಕೆಜೋಳದಿಂದ ನಮ್ಮ ಕಣಿವೆಯ ಹೆಂಗಸರು ಮನೆಯಲ್ಲೇ ಇಳಿಸುವ ಬಿಯರು ಅದು. ನನ್ನ ಅಜ್ಜಿಯೂ ಇಳಿಸುತ್ತಿದ್ದಳು. ಆಸೆಯಿಂದ ಒಳಗೆ ಹೋದೆ.

ಅಂಗಳದ ನಡುವೆ ದಪ್ಪ ಜಡೆಗಳ ಹೆಂಗಸೊಬ್ಬಳು ಚಿಚಾ ತುಂಬಿದ ಸೋರೆಬುರುಡೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನಿಂತಿದ್ದಳು. ಗೋಧಿಯ ಕಡ್ಡಿಯಿಂದ ಅದರೊಳಗಿನ ಒಂದು ಕೂದಲನ್ನು ಮೆಲ್ಲಗೆ ಎತ್ತಿದಳು. ಬೆಂಚಿನ ಮೇಲೆ ಕುಳಿತಿದ್ದ ಗಂಡಸರ ತಲೆಗಳನ್ನು ಒಂದೊಂದಾಗಿ ನೋಡಿದಳು. ಯಾರದೆಂದು ಕೇಳಿದಳು. ಯಾರೂ ಒಪ್ಪಿಕೊಳ್ಳಲಿಲ್ಲ. ಬುರುಡೆ, ಚಿಚಾ, ಕೂದಲು, ಕಡ್ಡಿ ಎಲ್ಲವನ್ನೂ ಹಂದಿಯ ಬಾನಿಗೆ ಎಸೆದು ಕೈ ತೊಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೊಸ ಮೇಷ್ಟ್ರಾ? ಟೋಪಿ ತೆಗೀರಿ, ನೋಡೋಣ."

ತೆಗೆದೆ. ಕೂದಲು ಗಿಡ್ಡವಾಗಿತ್ತು. ಕೈ ತೋರಿಸಲು ಹೇಳಿದಳು; ಉಗುರಿನ ಸಂದಿಯಲ್ಲಿ ಸೀಮೆಸುಣ್ಣ ಇತ್ತು. ಮೂಲೆಯ ಬಕೆಟ್ಟನ್ನು ಗಲ್ಲದಿಂದ ತೋರಿಸಿದಳು. ತೊಳೆದುಕೊಂಡು ಬಂದ ಮೇಲೆಯೇ ನನಗೆ ಬುರುಡೆ ಸಿಕ್ಕಿತು. ಭೂಮಿತಾಯಿಗೆ ಒಂದು ಹನಿ ಚೆಲ್ಲಿ ಕುಡಿದೆ. ಹುಳಿ, ಸಿಹಿ, ಸ್ವಲ್ಪ ಹೊಗೆ. ಅಜ್ಜಿಯದಕ್ಕಿಂತ ಚೆನ್ನಾಗಿತ್ತು ಎಂದು ಬರೆಯಲು ಮನಸ್ಸಿಲ್ಲ, ಆದರೆ ಹಾಗೆಯೇ ಇತ್ತು. ಅದೇ ಮನೆಯ ಹಿತ್ತಲಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ.

ಇಲಾರಿಯಾಳಿಗೆ ಲೋಕವೇ ಹೇಸಿಗೆ. ಮೂಗಿನ ಪಕ್ಕದ ಸುಕ್ಕು ನಿದ್ದೆಯಲ್ಲೂ ಹೋಗುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಬೇಯಿಸಿದ ಆಲೂಗಡ್ಡೆಯನ್ನು ಶಾಲಿನ ಗಂಟಿನಲ್ಲಿ ತಾನೇ ಕಟ್ಟಿಕೊಂಡು ಹೋಗುತ್ತಿದ್ದಳು. ಪಾದ್ರಿಯ ಕೈಗೆ ಮುತ್ತಿಟ್ಟು, ಹೊರಗೆ ಬಂದು ತುಟಿ ಒರೆಸಿಕೊಳ್ಳುತ್ತಿದ್ದಳು. ಅವಳ ಗಂಡ ಕಾಸಿಮಿರೋ ಗಾರೆ ಕೆಲಸದವನು, ನಗುಮುಖದವನು. "ನನ್ನನ್ನ ಮೊದಲು ಬಿಸಿನೀರಲ್ಲಿ ಅದ್ದಿದಳು, ಆಮೇಲೆ ಮದುವೆ ಆದಳು" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಊರಲ್ಲಿ ಬಿಳಿ ಬಟ್ಟೆ ಕಟ್ಟುತ್ತಿದ್ದ ಇನ್ನೊಂದು ಮನೆ ಕಾಸಿಮಿರೋನ ತಂಗಿ ಬೆನಿತಾಳದು. ಇಲಾರಿಯಾಳ ಅತ್ತೆ ಸತ್ತು ಮನೆ ಪಾಲಾದಾಗ ಚಿಚಾ ಹುಳಿಯಲು ಇಡುವ ಮಣ್ಣಿನ ಗುಡಾಣಗಳೂ ಪಾಲಾಗಿದ್ದವು. ಹೆಪ್ಪನ್ನು, ಅಂದರೆ ಹಳೆಯ ಚಿಚಾದ ತಳದಲ್ಲಿ ಉಳಿಯುವ ಮಡ್ಡಿಯನ್ನು, ನಾದಿನಿಗೆ ಇಲಾರಿಯಾಳೇ ಕೊಟ್ಟಿದ್ದಳು. ಅಲ್ಲಿಂದ ಮುಂದೆ ಇಬ್ಬರ ದಾರಿ ಬೇರೆ. ಬೆನಿತಾಳ ಅಂಗಳದಲ್ಲಿ ಹಂದಿ, ಕೋಳಿ, ಗಿರಾಕಿ ಎಲ್ಲ ಒಟ್ಟಿಗೇ ಮಲಗುತ್ತಿದ್ದವು. ಹಿಟ್ಟನ್ನು ಮುದುಕಿಯರು ಬಾಯಲ್ಲಿ ಅಗಿದು ಉಂಡೆ ಕಟ್ಟಿ ಒಣಗಿಸುವ ಹಳೆಯ ಪದ್ಧತಿಯನ್ನು ಅವಳು ಬಿಟ್ಟಿರಲಿಲ್ಲ. ಊರಿನ ಎಂಜಲನ್ನು ಕಾಯಿಸಿ ಊರಿಗೇ ಕುಡಿಸುತ್ತಾಳೆ ಎಂದು ಇಲಾರಿಯಾ ಉಗಿಯುತ್ತಿದ್ದಳು. ಬೆನಿತಾಳ ಗುಡಾಣದ ತಳದಲ್ಲಿ ಸ್ಮಶಾನದ ಮೂಳೆಯೊಂದು ಬಟ್ಟೆಯಲ್ಲಿ ಕಟ್ಟಿ ಬಿದ್ದಿದೆ, ಅದಕ್ಕೇ ಅಷ್ಟು ಬೇಗ ಕುದಿಯುತ್ತದೆ ಎಂಬ ಮಾತೂ ಊರಲ್ಲಿತ್ತು. ಕುದಿಯುವುದು ಎಂದರೆ ಒಲೆಯ ಮೇಲಲ್ಲ. ಗುಡಾಣದಲ್ಲಿ ತಾನಾಗಿ ನೊರೆಯೆದ್ದು ಗುಳುಗುಳು ಅನ್ನುವುದು.

ಕಾಸಿಮಿರೋ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ. ವರ್ಷ ತುಂಬುವ ದಿನ ಪೂಜೆ ಮುಗಿಸಿ, ಸಮಾಧಿಯ ಮೇಲೆ ಮನೆಯ ಚಿಚಾ ಸುರಿದು, ಊರಿಗೆಲ್ಲ ಕುಡಿಸಿ, ವಿಧವೆ ಕಪ್ಪು ಬಟ್ಟೆ ಕಳಚಬೇಕು. ಆ ದಿನ ಹತ್ತಿರವಾದಾಗ ಇಲಾರಿಯಾ ಗುಡಾಣದ ಮುಚ್ಚಳ ತೆಗೆದು ಕಿರುಚಿದಳು. ಒಳಗೆ ಇಲಿ ತೇಲುತ್ತಿತ್ತು. ಹೊಟ್ಟೆ ಉಬ್ಬಿ, ಮೈಮೇಲಿನ ರೋಮ ಅರ್ಧ ಉದುರಿ, ನೊರೆಗೆ ಅಂಟಿಕೊಂಡಿತ್ತು. ಅವಳು ಅಲ್ಲೇ ಗೋಡೆಗೆ ಒರಗಿ ವಾಂತಿ ಮಾಡಿದಳು. ಆಮೇಲೆ ಚಿಚಾ ಮಾತ್ರವಲ್ಲ, ಹೆಪ್ಪನ್ನೂ ತಿಪ್ಪೆಗೆ ಚೆಲ್ಲಿದಳು. ಸಾಲಿನಲ್ಲಿದ್ದ ಎಲ್ಲ ಗುಡಾಣಗಳಿಗೂ ಬ್ಲೀಚಿಂಗ್ ನೀರು ತುಂಬಿಸಿಟ್ಟು, ತೆಂಗಿನ ನಾರಿನ ಬ್ರಷ್ಷಿನಿಂದ ಒಳಗಿನ ಕಪ್ಪು ಪದರ ಹೋಗುವವರೆಗೆ ಉಜ್ಜಿದಳು. ಅತ್ತೆಯ ಕಾಲದಿಂದ ಯಾರೂ ಮುಟ್ಟಿರದ ಪದರ ಅದು. ಮಣ್ಣು ಕೆಂಪಗೆ ಹೊಳೆಯಿತು.

ಹೊಸ ಹಿಟ್ಟು ಕದಡಿ, ಸೋಸಿ, ಕಾಯಿಸಿ, ಆರಿಸಿ ಸಿಹಿನೀರನ್ನು ಗುಡಾಣಕ್ಕೆ ತುಂಬಿದಳು. ಗುಡಾಣದ ಗೋಡೆಯೇ ಕುದಿ ಎಬ್ಬಿಸುತ್ತದೆ ಎಂಬ ಧೈರ್ಯ. ಹಿಂದೆ ಹೆಪ್ಪು ಇಲ್ಲದೆಯೂ ಎಬ್ಬಿಸಿತ್ತಂತೆ. ಬೆಳಿಗ್ಗೆ ಕಿವಿ ಇಟ್ಟು ಕೇಳಿದಳು. ಸದ್ದಿಲ್ಲ. ಮರುದಿನವೂ ಇಲ್ಲ. ಚಳಿಗೆ ಹೀಗಾಗಿದೆ ಎಂದು ಕಾಸಿಮಿರೋನ ಹಳೆಯ ಕಂಬಳಿಗಳನ್ನು ಸುತ್ತಿದಳು. ಸಿಹಿ ಸಾಲದೇನೋ ಎಂದು ಬೆಲ್ಲ ಕರಗಿಸಿ ಹಾಕಿದಳು. ನಾನು ಕ್ಲಿಸಾದ ಬೇಕರಿಯಿಂದ ಬ್ರೆಡ್ಡಿನ ಈಸ್ಟು ತಂದುಕೊಟ್ಟೆ. ಲೋಟದಲ್ಲಿ ಉಬ್ಬಿದ್ದ ಈಸ್ಟು ಗುಡಾಣಕ್ಕೆ ಬಿದ್ದ ಮೇಲೆ ಸಂಜೆಯೊಳಗೆ ತಣ್ಣಗಾಯಿತು. ಮೇಲೆ ತೆಳ್ಳನೆಯ ಬೂದು ಪೊರೆ ಕಟ್ಟಿತು. ನೆನೆದ ನಾಯಿಯ ವಾಸನೆ ನನ್ನ ಕೋಣೆಯವರೆಗೂ ಬರುತ್ತಿತ್ತು.

ಆಗ ಅವಳು ಅದೇ ಹಿಟ್ಟಿನ ಹೊಸ ಸಿಹಿನೀರನ್ನೂ ಅದೇ ಈಸ್ಟನ್ನೂ ಒಂದು ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೆರೆಸಿಟ್ಟಳು. ಅದು ಉಕ್ಕಿ ನೆಲಕ್ಕೆ ಸುರಿಯಿತು. ನೀರಿನಲ್ಲಿ ದೋಷವಿಲ್ಲ, ಈಸ್ಟಿನಲ್ಲಿ ದೋಷವಿಲ್ಲ. ಗುಡಾಣ ಬರಿದು ಮಾಡಿ, ತಲೆಯನ್ನೇ ಒಳಗೆ ತೂರಿಸಿ ಮೂಸಿದಳು. ಎಷ್ಟು ಸಲ ತೊಳೆದಿದ್ದರೂ ಮಣ್ಣಿನ ಹೊಟ್ಟೆಯಿಂದ ಬ್ಲೀಚಿಂಗ್ ವಾಸನೆ ಬರುತ್ತಿತ್ತು. ಹಾಕಿದ್ದನ್ನೆಲ್ಲ ಅದು ಕೊಲ್ಲುತ್ತಿತ್ತು. ಉಳಿದ ಗುಡಾಣಗಳೂ ಹಾಗೆಯೇ.

ಪಾತ್ರೆಯಲ್ಲಿ ಎದ್ದಿದ್ದನ್ನು ಬಾಯಿಗೆ ಹಾಕಿಕೊಂಡು ಉಗಿದಳು. "ಬ್ರೆಡ್ಡು ನೆನೆಸಿದ ನೀರು, ಮೇಷ್ಟ್ರೇ. ಇದನ್ನ ಅವರ ಸಮಾಧಿ ಮೇಲೆ ಸುರೀಬೇಕಾ ನಾನು?"

ಸುದ್ದಿ ಬೀದಿಯ ಆ ತುದಿಗೆ ಮುಟ್ಟಲು ಹೊತ್ತಾಗಲಿಲ್ಲ. ಬೆನಿತಾ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ಅಣ್ಣನ ಪೂಜೆಗೆ ತಾನೇ ಚಿಚಾ ತರುತ್ತೇನೆಂದು ಹೇಳಿದಳು. ಗಂಡನ ಸಮಾಧಿಯ ಮೇಲೆ ಮುದುಕಿಯರ ಉಗುಳು ಹರಿಯುವುದನ್ನು ನೆನೆದೇ ಇಲಾರಿಯಾ ಅಂಗಳದ ಮೂಲೆಗೆ ಹೋಗಿ ಉಗಿದು ಬಂದಳು. ಮಾರನೆಯ ದಿನ ಕಪ್ಪು ಶಾಲು ಹೊದ್ದು, ನನ್ನನ್ನೂ ಕರೆದುಕೊಂಡು, ತಾನಾಗಿಯೇ ನಾದಿನಿಯ ಮನೆಗೆ ಹೊರಟಳು. ಕೇಳಬೇಕಾಗಿದ್ದದ್ದು ಎರಡು: ಹೆಪ್ಪು, ಮತ್ತು ಬ್ಲೀಚಿಂಗ್ ಕಾಣದ ಒಂದು ಗುಡಾಣ.

ಆ ಅಂಗಳ ಹಾಗೆಯೇ ಇತ್ತು. ಬಾಗಿಲಲ್ಲೇ ಹಂದಿಯೊಂದು ಕೆಸರಲ್ಲಿ ಹೊರಳುತ್ತಿತ್ತು. ಬೆಂಚಿನ ಮೇಲೆ ಕೋಳಿ ಹಿಕ್ಕೆ ಒಣಗಿತ್ತು. ಅದರ ಪಕ್ಕದಲ್ಲೇ ಒಬ್ಬ ಗಿರಾಕಿ ಬಾಯಿ ತೆರೆದು ಮಲಗಿದ್ದ, ತುಟಿಯ ಮೇಲೆ ನೊಣ. ಬೆನಿತಾ ಒರೆಸುವ ಬಟ್ಟೆಯಿಂದ ಮೂಗು ಒರೆಸಿಕೊಂಡು, ಅದೇ ಬಟ್ಟೆಯಿಂದ ಬುರುಡೆ ಒರೆಸಿ, ಚಿಚಾ ಮೊಗೆದು ಅತ್ತಿಗೆಗೆ ಹಿಡಿದಳು.

"ಮೊದ್ಲು ಕುಡೀರಿ ಅತ್ತಿಗೆ. ಹೆಪ್ಪು ಕೇಳೋಕೆ ಬಂದೋರು ಬಾಯಿ ಒಣಗಿಸ್ಕೊಂಡು ಕೇಳ್ಬಾರ್ದು."

ಕೊಟ್ಟ ಬುರುಡೆಯನ್ನು ನಮ್ಮಲ್ಲಿ ತಳ್ಳುವಂತಿಲ್ಲ. ತಳ್ಳಿದರೆ ಆ ಮನೆಯ ಬಾಗಿಲು ಮುಚ್ಚಿದ ಹಾಗೆ. ಇಲಾರಿಯಾ ಬಗ್ಗಿ ನೋಡಿದಳು. ನೊಣ ತೇಲುತ್ತಿತ್ತು. ಕಡ್ಡಿಗಾಗಿ ಸುತ್ತ ಕಣ್ಣಾಡಿಸಿದಳು, ಸಿಗಲಿಲ್ಲ. ಭೂಮಿಗೆ ಚೆಲ್ಲುವ ನೆವದಲ್ಲಿ ನೊಣವನ್ನು ಹೊರಗೆ ದಾಟಿಸಿ, ಕಣ್ಣು ಮುಚ್ಚಿ, ಪೂರ್ತಿ ಕುಡಿದಳು. ಅವಳ ಮುಖದಲ್ಲಿ ನಾನು ನಿರೀಕ್ಷಿಸಿದ್ದಕ್ಕಿಂತ ದೊಡ್ಡ ಹೇಸಿಗೆ ಕಂಡಿತು. ಕಾರಣ ಆಮೇಲೆ ಹೇಳಿದಳು: ಅದು ಅವಳದೇ ಚಿಚಾದ ರುಚಿ. ಅವಳು ಜೀವಮಾನವಿಡೀ ತೊಳೆದು ಬಳಿದು ಇಳಿಸಿದ್ದು ಈ ಹೊಲಸಿನಲ್ಲೂ ಹಾಗೆಯೇ ಇಳಿಯುತ್ತಿತ್ತು.

ಗುಡಾಣ ಬೇಕೆಂದು ಕೇಳಿದಾಗ ಬೆನಿತಾ ಈಗಷ್ಟೇ ಖಾಲಿಯಾಗಿದ್ದ ಒಂದರ ಬಳಿ ಕರೆದೊಯ್ದಳು. ತಳದಲ್ಲಿ ಮಡ್ಡಿ ದಪ್ಪಗೆ ನಿಂತಿತ್ತು. ಅಂಚಿನ ಸುತ್ತ ಸತ್ತ ನೊಣಗಳ ಕಪ್ಪು ಸಾಲು.

"ಮೂಳೆ ಕಥೆ ಹುಟ್ಸಿದ್ದು ನೀವೇ ಅಂತ ನಂಗೊತ್ತು," ಎಂದಳು ಬೆನಿತಾ. ಸ್ವರ ಏರಿರಲಿಲ್ಲ. "ಕೈ ಹಾಕಿ ಹುಡುಕಿ. ಸಿಕ್ರೆ ಗುಡಾಣ ಇಲ್ಲೇ ಒಡೆದ್ಬಿಡಿ. ಸಿಗ್ಲಿಲ್ಲ ಅಂದ್ರೆ ತಗೊಂಡ್ಹೋಗಿ."

ಇಲಾರಿಯಾ ಅಂಗಿಯ ತೋಳು ಮಡಚಿ, ಭುಜದವರೆಗೂ ಕೈ ಇಳಿಸಿದಳು. ಬೆರಳುಗಳು ಲೋಳೆಯಲ್ಲಿ ಆಡುವ ಸದ್ದು ನಮಗೆ ಕೇಳುತ್ತಿತ್ತು. ಮಲಗಿದ್ದ ಗಿರಾಕಿಯೂ ಎದ್ದು ಕುಳಿತ. ಅವಳು ಅವಸರ ಮಾಡಲಿಲ್ಲ. ಮೂಳೆ ಇರಲಿ ಎಂದು ಅವಳಿಗೆ ನಿಜವಾಗಿ ಆಸೆಯಿತ್ತು ಎಂದು ಈಗಲೂ ನನ್ನ ಅನಿಸಿಕೆ. ಕೈ ಹೊರಬಂದಾಗ ಮೊಣಕೈಯಿಂದ ಬೂದು ಮಡ್ಡಿ ತೊಟ್ಟಿಕ್ಕುತ್ತಿತ್ತು.

"ಏನಿಲ್ಲ," ಎಂದಳು.

"ಬೀದೀಲಿ ಹೇಳಿ ಅದನ್ನ."

"ಹೇಳ್ತೀನಿ. ಮೊದ್ಲು ಕೈ ತೊಳ್ಕೊಳೋಕೆ ನೀರು ಕೊಡು."

"ತೊಳ್ಕೊಂಡ್ರೆ ಹೆಪ್ಪು ಹೋಗುತ್ತಲ್ಲ ಅತ್ತಿಗೆ," ಎಂದು ಬೆನಿತಾ ನಕ್ಕಳು. ನೀರು ಕೊಡಲಿಲ್ಲ.

ಗುಡಾಣವನ್ನು ಕೈಗಾಡಿಯಲ್ಲಿಟ್ಟು ತಂದೆವು. ಇಲಾರಿಯಾ ಒಂದು ತೋಳನ್ನು ಮೈಗೆ ತಗುಲದ ಹಾಗೆ ದೂರ ಹಿಡಿದು ನಡೆಯುತ್ತಿದ್ದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಆ ಕೈ ತೋರಿಸಿ ಬೆನಿತಾಳ ಗುಡಾಣದಲ್ಲಿ ಮೂಳೆಯಿಲ್ಲ ಎಂದು ಹೇಳಿದಳು. ನೊಣ ಇದೆ ಎಂದೂ ಸೇರಿಸಿದಳು. ಹೊಸ ಸಿಹಿನೀರನ್ನು ಆ ಮಡ್ಡಿಯ ಮೇಲೆ ಸುರಿಯುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ಬೆಳಗಾಗುವಷ್ಟರಲ್ಲಿ ನೊರೆ ಮುಚ್ಚಳ ಎತ್ತಿತ್ತು. ಅವಳು ಕಿವಿ ಇಟ್ಟು ಬಹಳ ಹೊತ್ತು ಕುಳಿತಳು. ಅತ್ತಳೋ ಏನೋ, ಸುಕ್ಕಿದ ಆ ಮೂಗನ್ನು ನೋಡಿ ಹೇಳುವುದು ಕಷ್ಟ.

ಪೂಜೆಯ ದಿನ ಸಮಾಧಿಯ ಮೇಲೆ ಚಿಚಾ ಸುರಿದು, ಮೊದಲ ಬುರುಡೆಯನ್ನು ಬೆನಿತಾಳಿಗೇ ಕೊಟ್ಟಳು. ಬೆನಿತಾ ಕುಡಿದು, ಅಣ್ಣನ ಮನೆಯ ರುಚಿಯೇ ಎಂದಳು. ಕಪ್ಪು ಬಟ್ಟೆ ಕಳಚಿ ಹಸಿರು ಲಂಗ ಉಟ್ಟ ಮೇಲೆ ಇಲಾರಿಯಾ ಸ್ಮಶಾನದ ಗೋಡೆಯ ಹಿಂದೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು.

ಅವಳು ಈಗಲೂ ವೈರಾ ಲೋಮಾದಲ್ಲಿ ಚಿಚಾ ಇಳಿಸುತ್ತಾಳೆ. ನಾದಿನಿಯ ಗುಡಾಣವನ್ನು ಹಿಂದಿರುಗಿಸಿಲ್ಲ. ಪ್ರತಿ ಸಲ ಬರಿದಾದಾಗ ಅದನ್ನು ಬರೀ ನೀರಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದೇ ಸಲ ಗಲಬರಿಸುತ್ತಾಳೆ.