ಗದ್ದಲಕ್ಕೆ ಬೆಚ್ಚದ ಚಿಪ್

"ಏಕ್ ಮೈಸೂರು, ದೋ ಸಾದಾ!" ಕೋಪರಿ ಪೇಟೆಯ ದೋಸೆ ಹೋಟೆಲಿನಲ್ಲಿ ಕೂಗು ಎದ್ದಿತು. ಅದರ ಬೆನ್ನಿಗೇ ತಟ್ಟೆಗಳ ರಾಶಿ ಕುಕ್ಕಿದ ಸದ್ದು. ಮೂಲೆಯಲ್ಲಿ ಕುಳಿತ ರಮಿತಾಳ ಲ್ಯಾಪ್‌ಟಾಪಿನ ಪರದೆಯ ತುಂಬ ಚುಕ್ಕೆಗಳು ಸುರಿದವು.

ಹೋಟೆಲು ಅಪ್ಪ ದಯಾನಂದರದು. ಮಗಳು ರಬಾಳೆಯ ಸಣ್ಣ ಕಂಪನಿಯಲ್ಲಿ ಮಿದುಳಿನಂತೆ ಕೆಲಸ ಮಾಡುವ ಚಿಪ್‌ನ ನಕ್ಷೆ ರಚಿಸುತ್ತಾಳೆ. ಕಿವಿ ಮಂದವಾದವರ ಶ್ರವಣಯಂತ್ರಕ್ಕೆಂದು. ಮಾಮೂಲಿ ಚಿಪ್ ಸದಾ ಲೆಕ್ಕ ಹಾಕುತ್ತಲೇ ಇರುತ್ತದೆ. ಇದರೊಳಗಿನ ಕೋಶಗಳು ನಮ್ಮ ನರಗಳ ಹಾಗೆ, ಕೇಳಿದ್ದು ಒಂದು ಮಟ್ಟ ಮೀರಿದಾಗಷ್ಟೇ ಮಿಡಿಯುತ್ತವೆ. ಪರದೆಯ ಒಂದೊಂದು ಚುಕ್ಕೆಯೂ ಒಂದು ಮಿಡಿತ.

ಲ್ಯಾಬಿನ ಮೌನದಲ್ಲಿ ಅದು ಮಾತನ್ನು ಸೊಗಸಾಗಿ ಹೆಕ್ಕಿತ್ತು. ಇಲ್ಲಿ ಕಂಡಕಂಡದ್ದಕ್ಕೆಲ್ಲ ಬೆಚ್ಚುತ್ತಿತ್ತು. ಸೋಮವಾರ ನಕ್ಷೆ ಕಾರ್ಖಾನೆಗೆ ಹೋಗಬೇಕು. ತಪ್ಪಿದರೆ ಮುಂದಿನ ಸರದಿಗೆ ಒಂಬತ್ತು ತಿಂಗಳು. "ಜಾನೇ ದೇ ರಮಿತಾ, ಇಸ್ ಬಾರ್ ನಹೀ ಹೋಗಾ" ಎಂದು ಸಹೋದ್ಯೋಗಿ ಸಮಿತ್ ಬೆಳಗ್ಗೆಯೇ ಕೈಚೆಲ್ಲಿದ್ದ. "ಇನ್ನೂ ಎರಡು ದಿನ ಇದೆಯಲ್ಲ" ಎಂದು ಆಕೆ ಚಿಪ್‌ನಂತೆಯೇ ನಡೆದುಕೊಳ್ಳುವ ಪರೀಕ್ಷೆಯ ಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಇದಕ್ಕಿಂತ ಒಳ್ಳೆಯ ಗದ್ದಲ ಎಲ್ಲಿ ಸಿಕ್ಕೀತು?

ಮಟ್ಟ ಏರಿಸಿದಳು. ತಟ್ಟೆಗಳು ಅಡಗಿದವು, ಜೊತೆಗೆ ಮೆಲುದನಿಯ ಮಾತುಗಳೂ. ಇಳಿಸಿದಳು. ಮತ್ತೆ ಅದೇ ಸುರಿಮಳೆ.

"ಎಂತ ಮಾರಾಯ್ತಿ, ನಿನ್ನ ಮಿಶೀನಿಗೆ ಹುಚ್ಚಾ?" ದೋಸೆ ಹುಯ್ಯುವ ಗುಣಪಾಲ ತಟ್ಟೆ ತಂದಿಟ್ಟ. ಈ ಕಾವಲಿಯ ಮುಂದೆ ಅವನು ನಿಂತು ಇಪ್ಪತ್ತೆರಡು ವರ್ಷ.

"ಗುಣಪಾಲಣ್ಣ, ಇಷ್ಟು ಗಲಾಟೆಯಲ್ಲಿ ನಿಮಗೆ ಆರ್ಡರ್ ಹೇಗೆ ಕೇಳ್ತದೆ?"

"ರಶ್ ಇರುವಾಗ ಕಿವಿ ತನ್ನಷ್ಟಕ್ಕೇ ದಪ್ಪ ಆಗ್ತದೆ. ಮೂರು ಗಂಟೆಗೆ ಖಾಲಿಯಾದ್ರೆ ಪುನಃ ತೆಳು. ಆಗ ಗಲ್ಲಾದಲ್ಲಿ ನಿನ್ನಪ್ಪನ ಗೊರಕೆಯೂ ಕೇಳ್ತದೆ."

"ಏಯ್, ಅದು ಫ್ಯಾನು!" ದಯಾನಂದರು ಕುಳಿತಲ್ಲಿಂದಲೇ ಕೂಗಿದರು.

ರಮಿತಾ ನಗಲಿಲ್ಲ. ಎಲ್ಲ ಹೊತ್ತಿಗೂ ಸಲ್ಲುವ ಒಂದೇ ಮಟ್ಟವನ್ನು ತಾನು ವಾರದಿಂದ ಹುಡುಕುತ್ತಿದ್ದೆನಲ್ಲ! ಗದ್ದಲಕ್ಕೆ ಹೆಚ್ಚು ಮಿಡಿದ ಕೋಶದ ಮಟ್ಟವಷ್ಟೇ ತಾನಾಗಿ ಏರಬೇಕು, ಸುಮ್ಮನಿದ್ದ ಕೋಶದ್ದು ತಾನಾಗಿ ಇಳಿಯಬೇಕು. ಬೆರಳುಗಳು ಕೀಲಿಗಳ ಮೇಲೆ ಓಡಿದವು. ಆರೇ ಸಾಲು. ಚುಕ್ಕೆಗಳು ಸುರಿದು, ತೆಳುವಾಗಿ, ಕೊನೆಗೆ ಮಾತು ಬಂದಾಗಷ್ಟೇ ಮಿನುಗತೊಡಗಿದವು. ಪಕ್ಕದ ಟೇಬಲ್ಲಿನ ಅಜ್ಜಿ ಮೊಮ್ಮಗಳ ಕಿವಿಯಲ್ಲಿ ಪಿಸುಗುಟ್ಟಿದ್ದೂ ಪರದೆಯಲ್ಲಿ ಚುಕ್ಕೆಗಳಾಗಿ ಮೂಡಿತು.

"ಬಿಸಿ ಇರುವಾಗ್ಲೇ ತಿನ್ನು ಮಗಾ," ಎನ್ನುತ್ತ ದಯಾನಂದರು ಎದ್ದು ಬಂದರು. "ಮತ್ತೆ ಇವನಿಗೆ ನೀನೇ ಹೇಳು, ನಾನು ಯಾವಾಗಾದ್ರೂ ಗೊರಕೆ..."

ರಮಿತಾ ಲ್ಯಾಪ್‌ಟಾಪು, ಬೋರ್ಡುಗಳನ್ನು ಚೀಲಕ್ಕೆ ತುಂಬಿ, ದೋಸೆಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು, ಸಮಿತನಿಗೆ ಫೋನ್ ಹಚ್ಚುತ್ತ, ಲ್ಯಾಬಿಗೆ ಮರಳಲು ಸ್ಟೇಷನ್ನಿನ ಕಡೆಗೆ ನಡೆದೇ ಬಿಟ್ಟಿದ್ದಳು.