ಕುರುಗೋಡಿನ ಬೇವಿಗೆ ಮೆತ್ತಿದ ಮಣ್ಣು

ಬಳ್ಳಾರಿಯಲ್ಲಿ ರೈಲು ಇಳಿದ ದಿನವೇ ಇಲ್ಲಿಯ ನೆಲ ನನ್ನ ಎರಡೂ ಮೆಟ್ಟುಗಳನ್ನು ಕಿತ್ತುಕೊಂಡಿತು. ಮಳೆ ಆಗಷ್ಟೇ ನಿಂತಿತ್ತು. ಎರೆಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ ದಾರಿಯಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ನನ್ನ ಕಾಲು ಆನೆಯ ಕಾಲಾಗಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ. ನಗಬೇಡಿ. ನಮ್ಮ ಕೋಲಾರದ ಕೆಂಪುನೆಲದಲ್ಲಿ ಮಳೆಯಾದ ಮೇಲೂ ಓಡಬಹುದು.

ಮರಕ್ಕೆ ಮದ್ದು ಮಾಡುವುದು ನಮ್ಮ ಮನೆತನದ ಕಸುಬು. ಕೊಳೆತ ಕೊಂಬೆ ಕೊಯ್ದು, ಗಾಯ ಕೆತ್ತಿ, ಸಗಣಿ ಬೆರೆಸಿದ ಮಣ್ಣು ಮೆತ್ತುತ್ತೇವೆ. ಇಲ್ಲಿಯ ದಂಡಿನಲ್ಲಿ, ಸೈನ್ಯದವರ ವಸತಿಯ ರಸ್ತೆಗಳಲ್ಲಿರುವ ಸಾಲುಮರ ನೋಡಿಕೊಳ್ಳಲು ನನ್ನನ್ನು ಕರೆಸಿದ್ದರು. ಇರಲು ಒಂದು ಕಲ್ಲುಗೋಡೆಯ ಕೋಣೆ. ರಾಗಿಮುದ್ದೆಯ ಮಾತೇ ಇಲ್ಲ. ಜೋಳದ ರೊಟ್ಟಿ ಬಡಿಯಲು ಹೋಗಿ ಮೊದಲ ತಿಂಗಳೆಲ್ಲ ಚೂರುಗಳನ್ನೇ ತಿಂದೆ. ತೆಲುಗು ಬರುತ್ತಿದ್ದುದರಿಂದ ಅಂಗಡಿಯಲ್ಲಿ ಬಚಾವಾದೆ. ಇವರ ಕನ್ನಡವೇ ತಲೆಗೆ ಹತ್ತುತ್ತಿರಲಿಲ್ಲ ಅಂದರೆ ನಂಬುತ್ತೀರಾ! ಮರದ ಮೇಲಿದ್ದಾಗ ಒಂಟಿ ಅನ್ನಿಸುತ್ತಿರಲಿಲ್ಲ. ಇಳಿದ ಕೂಡಲೇ ಎದೆ ಬಿಕೋ ಅನ್ನುತ್ತಿತ್ತು.

ಹೀಗಿರುವಾಗ ಕುರುಗೋಡಿನಿಂದ ಹನುಮವ್ವ ಎಂಬ ಮುದುಕಿ ಹೇಳಿಕಳಿಸಿದಳು. ಗಾಳಿಗೆ ಅವಳ ಅಂಗಳದ ಬೇವಿನ ಮರದ ಕೊಂಬೆ ಸೀಳಿತ್ತು. ತೀರಿಹೋದ ಒಬ್ಬಳೇ ಮಗಳು ನೆಟ್ಟ ಮರ.

"ಇದೊಂದು ಉಳಿಸಿಕೊಡಪಾ. ನನಗ ಬ್ಯಾರೆ ಯಾರದಾರ?" ಅಂದಳು.

ಸೀಳಿದ್ದನ್ನು ಕೊಯ್ದೆ. ಊರಲ್ಲಿ ಮಾಡುವಂತೆಯೇ ಕಾಲಡಿಯ ಮಣ್ಣನ್ನು ಸಗಣಿಯೊಡನೆ ಕಲಸಿ ದಪ್ಪಗೆ ಮೆತ್ತಿದೆ. ಬೆಣ್ಣೆಯಂತೆ ಕೂತಿತು. ಎಂಥ ಕೈಚಳಕ ನನ್ನದು ಎಂದು ಬೀಗಿಕೊಂಡೇ ಬಳ್ಳಾರಿಗೆ ಮರಳಿದೆ.

ಬೇಸಿಗೆ ಕಳೆದು ಹೋಗಿ ನೋಡಿದರೆ ಮೆತ್ತಿದ ಮಣ್ಣು ಬೆರಳು ತೂರುವಷ್ಟು ಬಿರಿದಿತ್ತು. ಒಳಗೆ ಮೊದಲ ಮಳೆಯ ನೀರು, ಗೆದ್ದಲು. ಕೊಳೆ ಪಕ್ಕದ ದೊಡ್ಡ ಟೊಂಗೆಗೂ ಏರಿತ್ತು.

"ಎರಿಮಣ್ಣು ಬ್ಯಾಸಿಗ್ಯಾಗ ಬಿರಿತೈತಿ ಅಂತ ಸಣ್ಣ ಕೂಸಿಗೂ ಗೊತ್ತೈತಲ್ಲೋ!"

"ಅವತ್ತೇ ಯಾಕೆ ಹೇಳಲಿಲ್ಲ, ಅವ್ವಾ?"

"ಮದ್ದು ಮಾಡಾವ ನೀ ಅದೀ. ನಾ ಏನಂತ ಹೇಳ್ಲಿ?"

ನಾಚಿಕೆಯಿಂದ ಕುಗ್ಗಿಹೋದೆ. ಈಗ ಮರ ಉಳಿಯಬೇಕಾದರೆ ದೊಡ್ಡ ಟೊಂಗೆಯನ್ನೂ ತೆಗೆಯಬೇಕು. ನಾಗರಪಂಚಮಿಗೆ ಮಗಳು ಜೋಕಾಲಿ ಕಟ್ಟುತ್ತಿದ್ದುದು ಆ ಟೊಂಗೆಗೇ. ಹಗ್ಗ ತಿಕ್ಕಿದ ಗುರುತು ಇನ್ನೂ ಇತ್ತು. ಕಡಿದರೂ ಉಳಿಯುತ್ತದೆಂದು ಮಾತು ಕೊಡಲಾರೆ ಎಂದೆ. ಹನುಮವ್ವ ಬಹಳ ಹೊತ್ತು ಟೊಂಗೆಯನ್ನೇ ನೋಡಿದಳು.

"ಕಡಿ," ಅಂದು ಹೊರಟೇಹೋದಳು.

ಕಡಿದು ಇಳಿಯುವ ಹೊತ್ತಿಗೆ ಗುಡ್ಡದ ಬುಡದಿಂದ ಬುಟ್ಟಿ ತುಂಬ ಕೆಂಪುಮಣ್ಣು ಹೊತ್ತು ತಂದಿದ್ದಳು. "ಇದನ್ನ ಬಡಿ. ಬಿರಿಯಂಗಿಲ್ಲ." ನಮ್ಮೂರಿನದೇ ಬಣ್ಣ. ಹತ್ತಿರದಲ್ಲೇ ಇತ್ತು, ನಾನು ಯಾರನ್ನೂ ಕೇಳಿರಲಿಲ್ಲ.

ಬೇವು ಬದುಕಿತು. ಎರಡು ವರ್ಷಕ್ಕೆ ಗಾಯದ ಅಂಚಿನಲ್ಲಿ ಹೊಸ ತೊಗಟೆ ಉಬ್ಬಿದೆ. ಸಾಕು, ಬಂದುಬಿಡು ಎಂದು ಊರಿಂದ ಅಣ್ಣ ಕಾಗದ ಬರೆದಿದ್ದಾನೆ. ನನಗೂ ಹೋಗಬೇಕೆಂದು ಜೀವ ಹಾತೊರೆಯುತ್ತದೆ. ಹನುಮವ್ವನಿಗೆ ಹೇಳಿದೆ.

"ಗಾಯ ಪೂರಾ ಮುಚ್ಚಾಕ ಎಷ್ಟು ವರ್ಸ ಬೇಕು?" ಅಂತ ಕೇಳಿದಳು.

"ಎಂಟೋ ಹತ್ತೋ."

"ಅಲ್ಲೀತನಕ ನಾ ಇರಂಗಿಲ್ಲ. ಯಾರರ ನೋಡಬೇಕಲ್ಲ," ಅಂದು ರೊಟ್ಟಿ ಬಡಿಯಲು ಒಳಗೆ ಹೋದಳು.

ಈ ವರ್ಷ ಆಗುವುದಿಲ್ಲ ಎಂದು ಅಣ್ಣನಿಗೆ ಬರೆದೆ. ಯಾವ ವರ್ಷ ಎಂದು ಬರೆಯಲು ಕೈ ಬರಲಿಲ್ಲ.