ಅಕ್ಕನ ಫೋಟೋ ಇದ್ದ ರೋಲು

ನಮ್ಮ ಮನೆಯ ಆಲ್ಬಮ್‌ಗಳಲ್ಲಿ ಅಕ್ಕನ ಕೈ ಮಾತ್ರ ಸಿಗುತ್ತದೆ. ಮದುವೆಯ ಹಿಂದಿನ ದಿನ ನಮ್ಮ ಕ್ರೈಸ್ತರ ರೋಸ್ ಶಾಸ್ತ್ರದಲ್ಲಿ ತಂಗಿಯ ತಲೆಗೆ ತೆಂಗಿನ ಹಾಲು ಹೊಯ್ಯುವ ಕೈ, ಊಟದ ಪಂಕ್ತಿಯಲ್ಲಿ ಅನ್ನದ ಪಾತ್ರೆ ಹಿಡಿದ ಕೈ. ಮದುವೆಯಾಗದೆ ನಮ್ಮನ್ನೆಲ್ಲ ಸಾಕಿದವಳು ಅವಳು. ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸುವಾಗ ಅಡುಗೆಮನೆಯಲ್ಲಿರುತ್ತಿದ್ದಳು. ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ.

ಕಾರಡ್ಕದಲ್ಲಿ ಒಂದು ಸ್ಟುಡಿಯೋ ಮುಚ್ಚಿದಾಗ ಅಲ್ಲಿದ್ದ ಹಳೆಯ ರೀಲಿನ ಕ್ಯಾಮೆರಾ ಕೊಂಡುಕೊಂಡೆ. ಆಗಲೇ ಎಲ್ಲರ ಮೊಬೈಲಿನಲ್ಲೂ ಕ್ಯಾಮೆರಾ ಬಂದಾಗಿತ್ತು. ವಿದ್ಯಾನಗರದ ಆಫೀಸಿನಲ್ಲಿ ನನ್ನನ್ನು ನೋಡಿ ನಕ್ಕರು. ನಗಲಿ. ದಿನವಿಡೀ ಅರ್ಜಿಗಳ ಮೇಲೆ ಸೀಲು ಒತ್ತಿ ಬೇಸತ್ತವನಿಗೆ ಬೇರೆ ಏನಾದರೂ ಬೇಕಿತ್ತು.

ಅದರ ಶಟರ್ ಅಂಟಿಕೊಂಡಿತ್ತು, ಲೆನ್ಸಿಗೆ ಬೂಷ್ಟು ಹಿಡಿದಿತ್ತು. ಕಾಸರಗೋಡು ಪೇಟೆಯಲ್ಲಿ ವಾಚು ರಿಪೇರಿಯ ಮುದುಕರೊಬ್ಬರು ಹಿಂದೆ ಕ್ಯಾಮೆರಾವನ್ನೂ ಬಿಚ್ಚುತ್ತಿದ್ದರಂತೆ. ಆಫೀಸು ಬಿಟ್ಟ ಮೇಲೆ ಅವರ ಅಂಗಡಿಗೆ ಎಷ್ಟು ಸಲ ಅಲೆದೆನೋ. ಕೊನೆಗೊಂದು ದಿನ ಕೈಗೆ ಕೊಟ್ಟು, "ಇನ್ನು ಶೀತ ತಾಗಿಸ್ಬೇಡಿ. ಬೂಷ್ಟು ಪುನಃ ಬರ್ತದೆ" ಎಂದರು. ಮನೆಗೆ ಬಂದು ಇದನ್ನೇ ದೊಡ್ಡ ಗಂಟಲಿನಲ್ಲಿ ಎಲ್ಲರಿಗೂ ಹೇಳಿದೆ.

ರೋಲು ಹಾಕಿದ ದಿನ ಅಕ್ಕ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ನನ್ನದೊಂದು ತೆಗಿತೀಯಾ? ಚಂದದ್ದು ಒಂದು ಇರ್ಲಿ ಮಾರಾಯ. ವೋಟಿನ ಕಾರ್ಡಿನಲ್ಲಿ ಕಳ್ಳಿಯ ಹಾಗೆ ಉಂಟು." ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಭಾನುವಾರ ಇಗರ್ಜಿಗೆ ಉಡುವ ಸೀರೆ ಉಟ್ಟು ಅಂಗಳದಲ್ಲಿ ಕುಳಿತಳು. ಮೂರು ತೆಗೆದೆ.

ಅಲ್ಲಿಗೇ ತೊಳೆಸಿದ್ದರೆ ಮುಗಿಯುತ್ತಿತ್ತು. ರೋಲು ಹೆಚ್ಚುಕಡಿಮೆ ಪೂರ್ತಿ ಬಾಕಿ ಇದೆ, ವೇಸ್ಟ್ ಮಾಡುವುದೇಕೆ ಎಂಬ ಜಿಪುಣತನ ನನ್ನದು. ಮಳೆ ಹಿಡಿಯಿತು. ಆಫೀಸಿನಿಂದ ಬಂದರೆ ಊಟ, ನಿದ್ದೆ. ಎರಡು ತಿಂಗಳ ಮೇಲೆ ನೋಡಿದರೆ ಕಪಾಟಿನಲ್ಲಿ ಕ್ಯಾಮೆರಾ ಇಲ್ಲ.

"ನಾನು ಜಾಗ್ರತೆ ಮಾಡಿ ಇಟ್ಟಿದ್ದೇನೆ" ಎಂದಳು ಅಕ್ಕ. ಒಲೆಯ ಮೇಲಿನ ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಮಳೆಗಾಲ ದಾಟಬೇಕಾದ ಎಲ್ಲವೂ ನಮ್ಮಲ್ಲಿ ಆ ಅಟ್ಟಕ್ಕೇ ಹೋಗುವುದು: ಹಲಸಿನ ಹಪ್ಪಳ, ಒಣಮೀನು, ಒಮ್ಮೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪುಸ್ತಕ ಕೂಡ. ಡಬ್ಬಿ ಮುಟ್ಟಿದರೆ ಬಿಸಿ. ಕ್ಯಾಮೆರಾದೊಳಗಿನ ಗ್ರೀಸು ಕರಗಿ ಶಟರಿಗೆ ಇಳಿದಿತ್ತು. ಫಿಲ್ಮನ್ನು ಮಂಗಳೂರಿಗೆ ಒಯ್ದು ತೊಳೆಸಿದೆ. ಶಾಖಕ್ಕೆ ಉದ್ದಕ್ಕೂ ಬರೀ ಕಪ್ಪು ಮಸುಕು.

ಬಸ್ಸಿಳಿದು ಮನೆಗೆ ಬಂದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಬಂತಾ?"

"ಇಲ್ಲ. ರೋಲು ನಾನು ಸರಿ ಹಾಕಿರ್ಲಿಲ್ಲ."

"ಒಲೆಯ ಮೇಲೆ ಇಟ್ಟದ್ದಕ್ಕೆ ಅಲ್ಲವಲ್ಲ?"

"ಅಲ್ಲ."

"ಸದ್ಯ! ನನ್ನಿಂದ ನಿನ್ನ ಸಾಮಾನು ಹಾಳಾಯ್ತೋ ಅಂತ ಹೆದರಿದ್ದೆ" ಎಂದು ನನಗೆ ಚಾ ಮಾಡಲು ಒಳಗೆ ಹೋದಳು. ತಾನು ಕೇಳಿದ್ದ ಆ ಒಂದು ಫೋಟೋದ ಮಾತನ್ನೇ ಎತ್ತಲಿಲ್ಲ. ಅವಳ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.